ಹೀರೋನ ನೆರಳು ಎಲ್ಲಿಗೆ ಹೋಯ್ತು ಶೆಟ್ರೇ?

"ಟಿಕೆಟ್ಟು ಪಾಪ್‌ಕಾರ್ನು ಎಲ್ಲಾ ಸೇರಿ ಎರಡು ಸಾವಿರ ಚಿಲ್ಲರೆ ಹೋಯ್ತು ಮಾರಾಯ, ನೋಡಿದ್ರೆ ಹೀರೋ ಗುಡ್ಡದ ಮೇಲಿಂದ ಹಾರ್ತಾನೆ, ನೆರಳೇ ಇಲ್ಲ ಅವ್ನಿಗೆ! ದೆವ್ವದ ಪಿಕ್ಚರ್ ಅಂತ ಮೊದ್ಲೇ ಹೇಳ್ಬಾರ್ದಾ?"

ಭಾನುವಾರ ಬೊಂಬಾಯಿಯ ಮಾಟುಂಗಾದಲ್ಲಿ ದೋಸೆಗೆ ಕ್ಯೂ ನಿಂತಲ್ಲೇ ಶೆಟ್ರು ಶುರು ಹಚ್ಕೊಂಡ್ರು. ಪಕ್ಕದಲ್ಲಿ ಮಾಣಿ. ಅವ್ನು ಮಲಾಡಲ್ಲಿ ರೋಟೋ ಮಾಡ್ತಾನೆ, ಅಂದ್ರೆ ಹೀರೋನ ಹಿಂದಿರೋದನ್ನ ಬದಲಾಯಿಸ್ಬೇಕಾದ್ರೆ ಒಂದೊಂದು ಫ್ರೇಮಲ್ಲೂ ಅವನ ಸುತ್ತ ಗೆರೆ ಎಳೆದು ಬಿಡಿಸಿ ಕೊಡೋ ಕೆಲಸ, ಸೆಕೆಂಡಿಗೆ 24 ಫ್ರೇಮು, ಹತ್ತು ಸೆಕೆಂಡಿನ ಶಾಟ್ ಅಂದ್ರೆ 240, ಅದ್ರಲ್ಲೂ ಹೀರೋ ಗಾಳಿಗೆ ಕೂದ್ಲು ಬಿಟ್ಕೊಂಡು ನಿಂತಿದ್ರೆ ಆ ವಾರ ಮಾಣಿಗೆ ಊಟ ಸೇರೋದಿಲ್ಲ. ಉದ್ದ ಕೂದ್ಲಿನ ಹೀರೋಗಳನ್ನ ಅವ್ನು ದ್ವೇಷಿಸೋ ಹಾಗೆ ವಿಲನ್‌ಗಳೂ ದ್ವೇಷಿಸ್ಲಿಕ್ಕಿಲ್ಲ.

"ನೆರಳು ಆಮೇಲೂ ಹಾಕ್ಬಹುದು ಶೆಟ್ರೇ, ಕೆಡೋದು ಬೆಳಕಲ್ಲಿ" ಅಂದ ಮಾಣಿ. "ಹೀರೋನ ಹಸಿರು ಪರದೆ ಎದುರು ನಿಲ್ಸಿ ನಾಲ್ಕೂ ಕಡೆಯಿಂದ ಲೈಟ್ ಹೊಡ್ದಿರ್ತಾರೆ, ಆಮೇಲೆ ಕಂಪ್ಯೂಟರಲ್ಲಿ ಆ ಹಸಿರು ತೆಗ್ದು ಹಿಂದೆ ಸೂರ್ಯಾಸ್ತ ಹಾಕಿ ಅಂತಾರೆ. ಸೂರ್ಯ ಬೆನ್ನ ಹಿಂದೆ ಮುಳುಗ್ತಾ ಉಂಟು, ಮುಖದಲ್ಲಿ ಮಟಮಟ ಮಧ್ಯಾಹ್ನ! ಶೂಟಿಂಗ್ ಜಾಗದಲ್ಲೇ ಒಂದು ಕನ್ನಡಿ ಥರ ಹೊಳೆಯೋ ಗುಂಡು, ಒಂದು ಬೂದು ಗುಂಡು ಹಿಡಿದು ಸ್ವಲ್ಪ ಹೊತ್ತು ಶೂಟ್ ಮಾಡಿ ಕೊಟ್ರೆ ಬೆಳಕು ಯಾವ ಕಡೆಯಿಂದ ಬಂತು ಅಂತ ನಮ್ಗೆ ಸಿಗ್ತದೆ. ಅದಕ್ಕೆ ಟೈಮಿಲ್ಲ, ಹೀರೋ ಎಂಟ್ರಿ ಡ್ರೋನಿಗೆ ಇಡೀ ದಿನ ಉಂಟು."

"ಅದೆಂತ ಹಸಿರೇ ಬೇಕು? ಕೆಂಪು ಆಗೋದಿಲ್ವಾ?"

"ಮೈಬಣ್ಣದಲ್ಲಿ ಕೆಂಪು ಉಂಟಲ್ಲ, ಪರದೆ ಜೊತೆ ಹೀರೋನ ಮೂತಿಯೂ ಮಾಯ ಆದೀತು. ಮತ್ತೆ ಕ್ಯಾಮೆರಾದಲ್ಲಿ ಬೆಳಕು ಹಿಡಿಯೋ ಸೆನ್ಸರಲ್ಲಿ ಸಾಧಾರಣವಾಗಿ ಅರ್ಧಕ್ಕರ್ಧ ಪಿಕ್ಸೆಲ್ ಹಸಿರಿನದ್ದೇ, ಅಂಚು ಚಂದ ಸಿಗ್ತದೆ."

"ಕೆಲವರ ಮೂತಿ ಮಾಯ ಆದ್ರೇ ಪಿಕ್ಚರಿಗೆ ಒಳ್ಳೇದು" ಅಂದ್ರು ಶೆಟ್ರು.

ಭಟ್ರು ಇಷ್ಟು ಹೊತ್ತು ಸುಮ್ನಿದ್ದದ್ದೇ ಹೆಚ್ಚು. "ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಇದೇ ಬೊಂಬಾಯಲ್ಲಿ 1959ರ ‘ಕಾಗಜ್ ಕೆ ಫೂಲ್’ಗೆ ಎಂತ ಮಾಡಿದ್ರು? ಬಿಸಿಲನ್ನ ದೊಡ್ಡ ಕನ್ನಡಿಯಲ್ಲಿ ಹಿಡಿದು ಸ್ಟುಡಿಯೋ ಒಳಗೆ ತಿರುಗ್ಸಿದ್ರು, ಕಂಬದ ಹಾಗೆ ಬೆಳಕು! ಆಗಿನ ಡಬಲ್ ರೋಲ್ ನೋಡಿ, ಲೆನ್ಸಿಗೆ ಅರ್ಧ ಮುಚ್ಚಿ ಒಂದ್ಸಲ ಶೂಟ್, ಫಿಲ್ಮ್ ಹಿಂದಕ್ಕೆ ಸುತ್ತಿ ಇನ್ನರ್ಧಕ್ಕೆ ಮತ್ತೊಂದ್ಸಲ, ನಡುವೆ ಕ್ಯಾಮೆರಾ ಅಲುಗಿದ್ರೆ ಮುಗೀತು..."

"ಮೂರ್ತಿಯವ್ರ ಕನ್ನಡಿ ಹೋದ ವಾರವೂ ಬಂದಿತ್ತು ಭಟ್ರೇ" ಅಂದೆ ನಾನು.

ಮಾಣಿ ಮಾತ್ರ ಭಟ್ರ ಪಾರ್ಟಿ. "ಅದೇ ನಾನೂ ಹೇಳೋದು, ಕ್ಯಾಮೆರಾಮನ್ ಮೊದ್ಲೇ ಯೋಚ್ನೆ ಮಾಡಿದ್ರೆ ನಮ್ಮ ಅರ್ಧ ಕೆಲ್ಸ ಮುಗೀತು. ಕೆಜಿಎಫ್ ಕೋಲಾರದ ಸಯನೈಡ್ ಗುಡ್ಡದಲ್ಲಿ ಶೂಟ್ ಮಾಡಿದ್ರಲ್ಲ, ಭುವನ್ ಗೌಡ್ರ ಕ್ಯಾಮೆರಾ ಎದುರು ನಿಜವಾದ ಧೂಳೇ ಇತ್ತು, ಆಮೇಲೆ ಕಂಪ್ಯೂಟರಲ್ಲಿ ಎಷ್ಟು ಸೇರ್ಸಿದ್ರೂ ಕಣ್ಣು ನಂಬ್ತದೆ. ಎಲ್ಲಾ ಆಮೇಲೆ ನೋಡ್ಕೊಳ್ಳುವ ಅಂತ ಬಿಟ್ರೆ ರಿಲೀಸಿನ ಹಿಂದಿನ ರಾತ್ರಿ ನಾವು ನೋಡ್ಕೊಳ್ಬೇಕು."

ಶೆಟ್ರು ಮೆಲ್ಲ ಹತ್ರ ಬಂದ್ರು. "ಮಗಳ ಮದುವೆ ವಿಡಿಯೋದಿಂದ ನನ್ನ ಭಾವನನ್ನ ತೆಗೀಬಹುದಾ?"

"ತೆಗೀಬಹುದು, ಕ್ಲೀನ್ ಪ್ಲೇಟ್ ಬೇಕು. ಅಂದ್ರೆ ಅವ್ರು ಬರೋ ಮೊದ್ಲು ಅದೇ ಜಾಗ ಖಾಲಿ ಶೂಟ್ ಮಾಡಿರ್ಬೇಕು."

"ಹಾಗಾದ್ರೆ ಆಗ್ಲಿಲ್ಲ ಬಿಡು. ವಿಡಿಯೋದವ್ನು ಬರೋ ಮೊದ್ಲೇ ಅವ್ನು ಪಂಕ್ತೀಲಿ ಕೂತಾಗಿತ್ತು."