ಟಿಪ್ಪಣಿಗೂ ಮಾಡಬೇಕಾದ ಕೆಲಸಗಳ ಪಟ್ಟಿಗೂ ಕನ್ನಡದಲ್ಲಿ ಸರಿಯಾಗಿ ನಡೆಯುವ ಆ್ಯಪ್ ಯಾವುದು?

ಪ್ರಶ್ನೆ: ನಾಲೆಬಯಲು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ವಾಸವಿದ್ದು, ಮೈಸೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ಅಪ್ಪನಿಗೆ ವಯಸ್ಸಾಗಿರುವುದರಿಂದ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿರುವ ಒಂದೂವರೆ ಎಕರೆ ಕಬ್ಬು ಮತ್ತು 20 ಗುಂಟೆ ಗದ್ದೆಯ ಉಸ್ತುವಾರಿಯೂ ಎರಡು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಕಚೇರಿಯ ಕೆಲಸ, ಮನೆಯ ಸಾಮಾನು, ಅಮ್ಮನ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ, ಕೂಳೆ ಕಬ್ಬಿಗೆ (ಕಟಾವಾದ ಬುಡದಿಂದ ಮತ್ತೆ ಚಿಗುರಿದ ಕಬ್ಬಿಗೆ) ಗೊಬ್ಬರ ಹಾಕಿದ ದಿನ, ಆಳುಗಳಿಗೆ ಕೊಡಬೇಕಾದ ಬಾಕಿ, ಇವೆಲ್ಲವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ಈಗ ಆಗುತ್ತಿಲ್ಲ.

ಅಪ್ಪ ಇದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುತ್ತಿದ್ದರು. ತಾರೀಖಿನ ಒಂದು ಚೌಕದಲ್ಲಿ 'ನೀರು ಬಂತು' ಎಂದಿದ್ದರೆ, ಇನ್ನೊಂದರಲ್ಲಿ 'ಯೂರಿಯ 2 ಮೂಟೆ' ಎಂದಿರುತ್ತದೆ, ಅದರ ಕೆಳಗೆ ಬಂದ ಆಳುಗಳ ಲೆಕ್ಕ ಪುಟ್ಟ ಪುಟ್ಟ ಗೀಟುಗಳಲ್ಲಿರುತ್ತದೆ. ಯಾವುದು ಯಾವಾಗ ಆಯಿತೆಂದು ಕೇಳಿದರೆ ಈಗಲೂ ಹಾಳೆ ಮಗುಚಿ ಬೆರಳಿಟ್ಟು ತೋರಿಸುತ್ತಾರೆ. ನನಗೆ ಬೇಕಿರುವುದು ಫೋನಿನಲ್ಲಿ ಅಂಥದ್ದೊಂದು ವ್ಯವಸ್ಥೆ.

ಹಿಂದೆ ಎರಡು ಆ್ಯಪ್‌ಗಳನ್ನು ಬಳಸಿ ನೋಡಿದ್ದೇನೆ. ಮೊದಲನೆಯದರಲ್ಲಿ ಬರೆದಿದ್ದ ಒಂದು ವರ್ಷದ ಕೂಲಿ ಲೆಕ್ಕವು ಫೋನ್ ಬದಲಾಯಿಸಿದಾಗ ಹೊಸ ಫೋನಿಗೆ ಬರಲೇ ಇಲ್ಲ. ಎರಡನೆಯದರಲ್ಲಿ ರಿಮೈಂಡರ್ ಹೊಡೆದುಕೊಳ್ಳದೆ ಅಮ್ಮನ ರಕ್ತಪರೀಕ್ಷೆ ಮೂರು ವಾರ ತಡವಾಯಿತು. ಜೊತೆಗೆ ನಾನು ಕನ್ನಡದಲ್ಲಿ ಬರೆದದ್ದನ್ನು ಹುಡುಕಿದರೆ ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಸಿಗುವುದಿಲ್ಲ. ಪಾಂಡವಪುರ ದಾಟಿದ ಮೇಲೆ ರೈಲಿನಲ್ಲಿ ಅಲ್ಲಲ್ಲಿ ಸಿಗ್ನಲ್ ಹೋಗುವುದರಿಂದ ಇಂಟರ್ನೆಟ್ ಇಲ್ಲದಿದ್ದರೂ ಆ್ಯಪ್ ನಡೆಯಬೇಕು. ನನ್ನದು ಆಂಡ್ರಾಯ್ಡ್ ಫೋನ್. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಬೆಟ್ಟದ ತಪ್ಪಲು, ಮೈಸೂರು

ನಮಸ್ಕಾರ. ನೀವು ಒಂದೇ ಆ್ಯಪ್ ಹುಡುಕುತ್ತಿರುವುದರಿಂದಲೇ ತೊಂದರೆ ಹೆಚ್ಚಾಗಿದೆ ಎಂದು ನನಗೆ ಅನ್ನಿಸುತ್ತದೆ. ಟಿಪ್ಪಣಿ ಎಂಬುದು ಉಳಿಯಬೇಕಾದ ವಸ್ತು. ಕಳೆದ ವರ್ಷ ಎಷ್ಟು ಮೂಟೆ ಗೊಬ್ಬರ ಬಿತ್ತೆಂಬುದನ್ನು ನೀವು ಮುಂದಿನ ವರ್ಷವೂ ಹುಡುಕುತ್ತೀರಿ. ಕೆಲಸದ ಪಟ್ಟಿಯಾದರೋ ಮಾಡಿ ಮುಗಿಸಿದ ಕೂಡಲೇ ಕಣ್ಣಿನಿಂದ ಮರೆಯಾಗಬೇಕು, ಇಲ್ಲದಿದ್ದರೆ ಬಾಕಿ ಇರುವುದು ಯಾವುದೆಂದು ತಿಳಿಯುವುದೇ ಇಲ್ಲ. ಎರಡನ್ನೂ ಒಂದೇ ಕಡೆ ತುಂಬಿದಾಗ, ಅಕ್ಕಿ ಬೇಳೆಯ ಚೀಟಿಗಳ ನಡುವೆ ಕೂಲಿಯ ಲೆಕ್ಕ ಕಳೆದುಹೋಗುತ್ತದೆ.

ಟಿಪ್ಪಣಿಗೆ ನಾನು ಗೂಗಲ್ ಕೀಪ್ ಬಳಸುತ್ತೇನೆ. 2013ರಲ್ಲಿ ಬಂದ ಈ ಆ್ಯಪ್‌ನಲ್ಲಿ ಹೆಚ್ಚಿನ ಅಲಂಕಾರವಿಲ್ಲ, ಆದರೆ ಸಿಗ್ನಲ್ ಇಲ್ಲದಾಗ ಬರೆದದ್ದು ಫೋನಿನಲ್ಲೇ ಇದ್ದು ಸಿಗ್ನಲ್ ಬಂದೊಡನೆ ನಿಮ್ಮ ಗೂಗಲ್ ಖಾತೆಗೆ ಸೇರುತ್ತದೆ. ಆದ್ದರಿಂದ ಹೊಸ ಫೋನಿನಲ್ಲಿ ಅದೇ ಖಾತೆಯಿಂದ ಪ್ರವೇಶಿಸಿದರೆ ಎಲ್ಲವೂ ಮರಳಿ ಬರುತ್ತದೆ. 'ಗದ್ದೆ', 'ಮನೆ', 'ಕಚೇರಿ' ಎಂದು ಲೇಬಲ್ ಹಾಕಿಟ್ಟುಕೊಳ್ಳಬಹುದು. ಸಾಮಾನಿನ ಪಟ್ಟಿಯನ್ನು ಮನೆಯವರೊಡನೆ ಹಂಚಿಕೊಂಡರೆ ನೀವು ದೇವರಾಜ ಮಾರುಕಟ್ಟೆಯಲ್ಲಿ ಗುರುತು ಹಾಕಿದ್ದು ಅವರ ಫೋನಿನಲ್ಲೂ ಕಾಣಿಸುತ್ತದೆ.

ಕೆಲಸದ ಪಟ್ಟಿಗೆ ಮೈಕ್ರೋಸಾಫ್ಟ್ ಟು ಡೂ ಚೆನ್ನಾಗಿದೆ. ಅದರಲ್ಲಿರುವ 'ಮೈ ಡೇ' ಎಂಬ ಪುಟ ಪ್ರತಿ ರಾತ್ರಿ ಖಾಲಿಯಾಗುತ್ತದೆ, ಉಳಿದ ಕೆಲಸಗಳು ಮಾತ್ರ ತಮ್ಮ ಪಟ್ಟಿಯಲ್ಲಿ ಹಾಗೆಯೇ ಇರುತ್ತವೆ. ಬೆಳಿಗ್ಗೆ ರೈಲಿನಲ್ಲಿ ಕುಳಿತಾಗ ಆ ದಿನಕ್ಕೆ ಬೇಕಾದ ನಾಲ್ಕೈದನ್ನು ಮಾತ್ರ ಆರಿಸಿಕೊಳ್ಳುವ ಅಭ್ಯಾಸ ನನಗೆ ಬಹಳ ನೆಮ್ಮದಿ ತಂದಿದೆ.

ಇನ್ನು ರಿಮೈಂಡರ್ ಹೊಡೆದುಕೊಳ್ಳದ ವಿಚಾರ. ಇದಕ್ಕೆ ಆ್ಯಪ್‌ಗಿಂತ ಹೆಚ್ಚಾಗಿ ಫೋನಿನ ಬ್ಯಾಟರಿ ಉಳಿತಾಯದ ವ್ಯವಸ್ಥೆಯೇ ಕಾರಣವಾಗಿರುತ್ತದೆ. ಆಂಡ್ರಾಯ್ಡ್ 6ರಿಂದ ಈಚೆಗೆ, ಬಳಸದೆ ಇಟ್ಟ ಫೋನು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮಲಗಿಸುತ್ತದೆ. ಕೆಲವು ತಯಾರಕರು ಇದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಪುಟಕ್ಕೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಎಂದು ಆರಿಸಿ. ಆಂಡ್ರಾಯ್ಡ್ 13 ಅಥವಾ ಅದರ ನಂತರದ್ದಾಗಿದ್ದರೆ ನೋಟಿಫಿಕೇಶನ್‌ಗೆ ಪ್ರತ್ಯೇಕ ಅನುಮತಿಯನ್ನೂ ಕೊಡಬೇಕು. ಬಳಿಕ ಐದು ನಿಮಿಷದ ಒಂದು ರಿಮೈಂಡರ್ ಇಟ್ಟು, ಪರದೆ ಆಫ್ ಮಾಡಿ, ಶಬ್ದ ಬರುವವರೆಗೆ ಕಾದು ನೋಡಿ. ಆ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಅಮ್ಮನವರ ರಕ್ತಪರೀಕ್ಷೆಯಂಥ ಕೆಲಸವನ್ನು ಅದಕ್ಕೆ ಒಪ್ಪಿಸಿ.

ಉತ್ತರ: ಅಕ್ಷರಪ್ರೀತಿ, ಮೈಸೂರು

ಕನ್ನಡದ ಹುಡುಕಾಟದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ನಿಜವಾದ ಕಷ್ಟ ಅಲ್ಲಿಯೇ ಇದೆ. ಆ್ಯಪ್‌ಗಳು ಸಾಮಾನ್ಯವಾಗಿ ನೀವು ಕೊಟ್ಟ ಅಕ್ಷರಗಳು ಅದೇ ಕ್ರಮದಲ್ಲಿ ಎಲ್ಲಿವೆ ಎಂದಷ್ಟೇ ನೋಡುತ್ತವೆ. ಅವುಗಳಿಗೆ ನಮ್ಮ ವಿಭಕ್ತಿಗಳು ತಿಳಿಯವು. 'ನಾಲೆ' ಎಂದು ಹುಡುಕಿದರೆ 'ನಾಲೆಗೆ', 'ನಾಲೆಯಲ್ಲಿ' ಎರಡೂ ಸಿಗುತ್ತವೆ, ಏಕೆಂದರೆ ಮೂಲ ಪದ ಹಾಗೆಯೇ ಉಳಿದಿರುತ್ತದೆ. ಆದರೆ 'ನೀರು' ಎಂದು ಹುಡುಕಿದರೆ 'ನೀರಿನ', 'ನೀರಿಗೆ' ಸಿಗುವುದಿಲ್ಲ, ಏಕೆಂದರೆ ಅಲ್ಲಿ ಕೊನೆಯ ಉಕಾರ ಬಿದ್ದುಹೋಗಿದೆ. 'ಕಬ್ಬು', 'ಊರು', 'ಕೂಲಿಯಾಳು' ಮುಂತಾದ ಉಕಾರಾಂತ ಪದಗಳದ್ದೆಲ್ಲ ಇದೇ ಕಥೆ. ಆದ್ದರಿಂದ ಹುಡುಕುವಾಗ ಕೊನೆಯ ಕೊಂಬನ್ನು ಬಿಟ್ಟು 'ಕಬ್ಬ', 'ನೀರ' ಎಂದು ಮಾತ್ರ ಕೊಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಸ್ವರಚಿಹ್ನೆಯು ವ್ಯಂಜನದ ನಂತರ ಬರುವ ಬೇರೆಯೇ ಸಂಕೇತವಾದ್ದರಿಂದ, ಪದದ ಭಾಗವನ್ನು ಹುಡುಕಬಲ್ಲ ಆ್ಯಪ್‌ಗಳಲ್ಲಿ ಎಲ್ಲ ರೂಪಗಳೂ ಸಿಗುತ್ತವೆ.

ಇನ್ನೊಂದು ಕಾಣದ ತೊಡಕಿದೆ. 'ಸಾಫ್ಟ್‌ವೇರ್' ಎಂಬಲ್ಲಿ 'ಟ್' ಮತ್ತು 'ವೇ' ಒತ್ತಕ್ಷರವಾಗಿ ಕೂಡದಂತೆ ನಡುವೆ ಒಂದು ಅಗೋಚರ ಅಕ್ಷರ ಇರುತ್ತದೆ. ಬರೆಯುವಾಗ ಅದು ಇದ್ದು ಹುಡುಕುವಾಗ ಇಲ್ಲದಿದ್ದರೆ ಫಲಿತಾಂಶ ಬಾರದೆ ಹೋಗಬಹುದು. ಹೀಗಾಗಿ ಮುಖ್ಯವಾದ ಟಿಪ್ಪಣಿಗಳ ತಲೆಬರಹದಲ್ಲಿ 'ಗೊಬ್ಬರ', 'ಕೂಲಿ' ಎಂಬಂಥ ಸರಳ ಪದವನ್ನು ಪ್ರತಿ ಸಲವೂ ಒಂದೇ ರೀತಿಯಲ್ಲಿ ಬರೆಯಿರಿ.

ಬೆಟ್ಟದ ತಪ್ಪಲು ಅವರ ಸಲಹೆಯಲ್ಲಿ ನನಗೊಂದು ತಕರಾರಿದೆ. ಖಾತೆಯಲ್ಲಿ ಉಳಿಯುವುದಷ್ಟೇ ಸಾಲದು, ಬರೆದದ್ದನ್ನು ಹೊರಗೆ ತೆಗೆಯಲೂ ಬರಬೇಕು. ಕೆಲಸದ ಪಟ್ಟಿಯ ಆ್ಯಪ್ ಆಗಿ ಬಹಳ ಜನಪ್ರಿಯವಾಗಿದ್ದ ವಂಡರ್‌ಲಿಸ್ಟ್ 2020ರ ಮೇ ತಿಂಗಳಲ್ಲಿ ಮುಚ್ಚಿತು. ಟಿಪ್ಪಣಿ ಆ್ಯಪ್ ಆದ ಎವರ್‌ನೋಟ್‌ನ ಉಚಿತ ಬಳಕೆಗೆ 2023ರ ಕೊನೆಯಲ್ಲಿ 50 ಟಿಪ್ಪಣಿಗಳ ಮಿತಿ ಬಂತು. ಕೀಪ್ ಬಳಸುವುದಾದರೆ ಆರು ತಿಂಗಳಿಗೊಮ್ಮೆಯಾದರೂ ಗೂಗಲ್ ಟೇಕ್‌ಔಟ್ ಮೂಲಕ ಪ್ರತಿ ಇಳಿಸಿಕೊಳ್ಳಿ. ನಾನು ಬಳಸುವುದು ಜಾಪ್ಲಿನ್ ಎಂಬ ಮುಕ್ತ ತಂತ್ರಾಂಶವನ್ನು. ಅದರಲ್ಲಿ ಟಿಪ್ಪಣಿಯೂ ಕೆಲಸದ ಪಟ್ಟಿಯೂ ಒಟ್ಟಿಗೇ ಇವೆ, ಎಲ್ಲವೂ ಮೊದಲು ಫೋನಿನಲ್ಲೇ ಇರುತ್ತದೆ, ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್‌ನಲ್ಲಿ ಗೂಢಲಿಪಿಗೊಳಿಸಿದ ಪ್ರತಿಯನ್ನೂ ಇಡಬಹುದು. ಮೊದಲ ದಿನ ಹೊಂದಿಸಲು ಸ್ವಲ್ಪ ತಾಳ್ಮೆ ಬೇಕು ಎಂಬುದನ್ನು ಮಾತ್ರ ಒಪ್ಪುತ್ತೇನೆ. ಯಾವ ಆ್ಯಪ್ ಆದರೂ ಸರಿ, ಎಟಿಎಂ ಪಿನ್, ಪಾಸ್‌ವರ್ಡ್‌ಗಳನ್ನು ಟಿಪ್ಪಣಿಯಲ್ಲಿ ಬರೆಯಬೇಡಿ.

ಉತ್ತರ: ಆಲೆಮನೆ, ಪಾಂಡವಪುರ

ನಾನೂ ಕಬ್ಬು ಬೆಳೆಯುವವನು. ಬೇಸಾಯದ ಕೆಲಸಕ್ಕೆ ತಾರೀಖು ಹಾಕಿ ಕೂರಲು ಆಗುವುದಿಲ್ಲ. ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ನಾಲೆ ನೀರು ನಾಲ್ಕು ದಿನ ತಡವಾದರೆ ಅದರ ನಂತರದ ಎಲ್ಲ ಕೆಲಸವೂ ನಾಲ್ಕು ದಿನ ಜಾರುತ್ತದೆ. ಆದ್ದರಿಂದ ಮರುಕಳಿಸುವ ಕೆಲಸವನ್ನು 'ಗೊತ್ತುಮಾಡಿದ ದಿನದಿಂದ' ಅಲ್ಲದೆ 'ಮುಗಿಸಿದ ದಿನದಿಂದ' ಎಣಿಸುವ ಆ್ಯಪ್ ಬೇಕು. ಉಚಿತವಾಗಿ ಸಿಗುವ ಟಾಸ್ಕ್ಸ್ ಡಾಟ್ ಆರ್ಗ್‌ನಲ್ಲಿ ಈ ಆಯ್ಕೆ ಇದೆ. ಟುಡೂಯಿಸ್ಟ್‌ನಲ್ಲಿ ಇಂಗ್ಲಿಷಿನ 'ಎವೆರಿ' ಪದದ ಕೊನೆಗೆ ತಾಗಿಸಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಅದೂ ಹಾಗೆಯೇ ಎಣಿಸುತ್ತದೆ.

ಇನ್ನೊಂದು ಮಾತು, ತಂದೆಯವರ ಕ್ಯಾಲೆಂಡರನ್ನು ನಿಲ್ಲಿಸಬೇಡಿ. ತಿಂಗಳು ಮುಗಿದಾಗ ಆ ಹಾಳೆಯ ಫೋಟೊ ತೆಗೆದು ಟಿಪ್ಪಣಿಗೆ ಸೇರಿಸಿ, ಮೇಲೆ ತಿಂಗಳು ಮತ್ತು ವರ್ಷ ಬರೆಯಿರಿ. ಕೈಬರಹವನ್ನು ಆ್ಯಪ್ ಓದಿಕೊಳ್ಳುತ್ತದೆಂದು ನಂಬಿ ತಲೆಬರಹ ಬಿಡಬೇಡಿ.

ಮರುಉತ್ತರ: ನಾಲೆಬಯಲು, ಮಂಡ್ಯ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಟಿಪ್ಪಣಿಗೆ ಕೀಪ್, ಕೆಲಸಗಳಿಗೆ ಟಾಸ್ಕ್ಸ್ ಡಾಟ್ ಆರ್ಗ್ ಎಂದು ನಿಶ್ಚಯಿಸಿದ್ದೇನೆ. ಜಾಪ್ಲಿನ್ ನನಗೆ ಇಷ್ಟವಾಯಿತಾದರೂ ಮನೆಯವರೊಡನೆ ಸಾಮಾನಿನ ಪಟ್ಟಿ ಹಂಚಿಕೊಳ್ಳಲು ಕೀಪ್ ಸುಲಭವೆನಿಸಿತು. ಅದರ ಬದಲು ಟೇಕ್‌ಔಟ್ ಪ್ರತಿ ಇಳಿಸಿಕೊಳ್ಳುವುದನ್ನೇ ಆರು ತಿಂಗಳಿಗೊಮ್ಮೆ ಬರುವ ಒಂದು ಕೆಲಸವಾಗಿ ಸೇರಿಸಿದ್ದೇನೆ. ಐದು ನಿಮಿಷದ ಪರೀಕ್ಷೆಯಲ್ಲಿ ಮೊದಲ ಸಲ ಶಬ್ದ ಬರಲಿಲ್ಲ, ಬ್ಯಾಟರಿಯ ನಿರ್ಬಂಧ ತೆಗೆದ ಮೇಲೆ ಬಂತು. ಅಮ್ಮನ ಪರೀಕ್ಷೆ ಈ ಬಾರಿ ಸರಿಯಾದ ದಿನಕ್ಕೇ ಆಯಿತು.

ಕೊಂಬು ಬಿಟ್ಟು 'ಕಬ್ಬ' ಎಂದು ಹುಡುಕಿದಾಗ, ಎಂದೋ ಬರೆದು ಕಳೆದುಹೋಗಿದೆ ಎಂದುಕೊಂಡಿದ್ದ 'ಕಬ್ಬಿಗೆ ಮಣ್ಣು ಏರಿಸಿದ ಕೂಲಿ' ಎಂಬ ಟಿಪ್ಪಣಿ ಎದುರಿಗೆ ಬಂತು. ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಅಪ್ಪ ಬೀರುವಿನ ಮೇಲೆ ಸುತ್ತಿಟ್ಟಿದ್ದರು. ಭಾನುವಾರ ಇಬ್ಬರೂ ಕುಳಿತು ಅವುಗಳನ್ನು ಬಿಡಿಸಿ, ಅವರು ಅಂಚು ಒತ್ತಿ ಹಿಡಿದುಕೊಳ್ಳುತ್ತಿದ್ದಂತೆ ನಾನು ಒಂದೊಂದಾಗಿ ಫೋಟೊ ತೆಗೆದೆ. 11 ಹಾಳೆಗಳು ಆಗಿವೆ, ಉಳಿದವು ಮುಂದಿನ ಭಾನುವಾರದ ಪಟ್ಟಿಯಲ್ಲಿವೆ.