ಬತೇರಿ ಮೇಲೆ ಕೂತ ಕೆಂಪು ಚಂದ್ರ

2025ರ ಸೆಪ್ಟೆಂಬರ್ 8, ಬೆಳಿಗ್ಗೆ. ಹಿಂದಿನ ರಾತ್ರಿ ಪೂರ್ಣ ಚಂದ್ರಗ್ರಹಣ. ನಮ್ಮ ‘ಮನೆಮಂದಿ’ ಗುಂಪಿಗೆ ಹರಿಹರದ ಚಿಕ್ಕಪ್ಪ ಒಂದು ಫೋಟೊ ಹಾಕಿದರು. ಚಿತ್ರದುರ್ಗದ ಕೋಟೆ, ಅದರ ಬತೇರಿ (ಕಾವಲು ಬುರುಜು) ಮೇಲೆ ಕೊಪ್ಪರಿಗೆ ಗಾತ್ರದ ಕೆಂಪು ಚಂದ್ರ. ಕೆಳಗೆ: ‘ನಿನ್ನೆ ರಾತ್ರಿ ದುರ್ಗದಲ್ಲಿ ಕಂಡ ಅದ್ಭುತ. ಎಲ್ಲರಿಗೂ ಕಳಿಸಿ.’ ಐದೇ ನಿಮಿಷದಲ್ಲಿ ಒಂಬತ್ತು ಜನ ಕೈ ಮುಗಿದರು. ಅದರಲ್ಲಿ ನಾನೂ ಒಬ್ಬ.

ಅಣ್ಣ (ದೊಡ್ಡಪ್ಪನ ಮಗ, ಮೂಲ ಕೇಳದೆ ಮದುವೆ ಕಾರ್ಡನ್ನೂ ನಂಬದವನು): ತೆಗೆದವರು ಯಾರು ಚಿಕ್ಕಪ್ಪ? ಎಷ್ಟು ಹೊತ್ತಿಗೆ? ಎಲ್ಲಿ ನಿಂತು?

ಚಿಕ್ಕಪ್ಪ: ನನಗೆ ಬಂತು, ಹಾಕಿದೆ. ನಿನ್ನ ಕ್ಯಾಮೆರಾದಲ್ಲಿ ಹೀಗೆ ಬರಲಿಲ್ಲ ಅಂತ ಹೊಟ್ಟೆಕಿಚ್ಚಾ?

ಅಣ್ಣ: ಚಂದ್ರ ಪೂರ್ತಿ ಕೆಂಪಾಗಿದ್ದು ರಾತ್ರಿ 11.01ರಿಂದ 12.23ರವರೆಗೆ. ಆಗ ಹೆಚ್ಚುಕಡಿಮೆ ನೆತ್ತಿ ಮೇಲೇ ಇದ್ದ. ತಾರಸಿಯಲ್ಲಿ ಕತ್ತು ಎತ್ತಿ ಎತ್ತಿ ತೆಗೆದೆ, ಇನ್ನೂ ನೋಯುತ್ತಿದೆ. ಬತೇರಿ ಮೇಲೆ ಹೇಗೆ ಕೂತ?

ದೊಡ್ಡಪ್ಪ: ರಾತ್ರಿ ತಾರಸಿಯಲ್ಲಿ ದಡಬಡ ಅಂದದ್ದು ನೀನಾ? ನಾನು ಕೋತಿ ಅಂದುಕೊಂಡಿದ್ದೆ. ಗ್ರಹಣದ ಹೊತ್ತಲ್ಲಿ ಹೊರಗೆ ಹೋಗಬಾರದು ಅಂತ ಎಷ್ಟು ಸಲ ಹೇಳಲಿ?

ಜಗಳೂರಿನ ಅತ್ತೆ: 1980ರ ಫೆಬ್ರವರಿ 16 ನೆನಪಿದೆಯಾ ಅಣ್ಣಾ? ಸೂರ್ಯಗ್ರಹಣ, ಹಾಡುಹಗಲೇ ಬೀದಿ ಖಾಲಿ. ಅಪ್ಪ ನಮ್ಮನ್ನೆಲ್ಲ ನಡುಮನೆಯಲ್ಲಿ ಕೂಡಿಹಾಕಿದ್ದರು. ಬಿಟ್ಟ ಮೇಲೆ ಸ್ನಾನ ಮಾಡಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ್ದರು.

ಮುಂದಿನ ಹನ್ನೊಂದು ಮೆಸೇಜ್ ಮಂಡಕ್ಕಿಗೇ ಹೋದವು.

ಅಣ್ಣ: ದೂರ ನಿಂತು, ದೊಡ್ಡ ಲೆನ್ಸ್ ಹಾಕಿ, ಚಂದ್ರ ಹುಟ್ಟುವಾಗ ತೆಗೆದರೆ ಕೋಟೆ ಹಿಂದೆ ಇಷ್ಟು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ನಿನ್ನೆ ಹುಟ್ಟುವಾಗ ಗ್ರಹಣ ಹಿಡಿದೇ ಇರಲಿಲ್ಲ. ಇದು ಎರಡು ಫೋಟೊ ಅಂಟಿಸಿದ್ದು.

ಚಿಕ್ಕಪ್ಪ: ನೀನೇನು ಸಾಚಾನಾ? ಹೋದ ವರ್ಷ ಹಾಕಿದ್ದೆಯಲ್ಲ ಓರಿಯನ್ ನೀಹಾರಿಕೆ, ನೂರು ಫೋಟೊ ಸೇರಿಸಿದ್ದು ಅಂತ ನೀನೇ ಬರೆದಿದ್ದೆ.

ಅಣ್ಣ: ನೂರೂ ಆಕಾಶದ ಅದೇ ಜಾಗದ್ದು ಚಿಕ್ಕಪ್ಪ. ಒಂದೊಂದರಲ್ಲೂ ಬೆಳಕು ಕಮ್ಮಿ, ರವೆ ಚೆಲ್ಲಿದ ಹಾಗೆ ಚುಕ್ಕಿ ಜಾಸ್ತಿ. ಆ ಚುಕ್ಕಿ ಪ್ರತಿ ಫೋಟೊದಲ್ಲೂ ಜಾಗ ಬದಲಿಸುತ್ತವೆ, ನೀಹಾರಿಕೆ ಬದಲಿಸಲ್ಲ. ಒಂದರ ಮೇಲೊಂದು ಇಟ್ಟರೆ ಚುಕ್ಕಿ ಕಳೆದುಹೋಗಿ ಇದ್ದದ್ದು ಕಾಣುತ್ತದೆ. ಇಲ್ಲದ್ದನ್ನು ತಂದು ಇಟ್ಟಿಲ್ಲ. ಎಷ್ಟು ಫೋಟೊ, ಎಷ್ಟು ಸೆಕೆಂಡು, ಎಲ್ಲ ಕೆಳಗೇ ಬರೆದಿದ್ದೆ.

ಇಡೀ ಜಗಳದಲ್ಲಿ ಓದುವಂಥದ್ದು ಅಂತ ಇದ್ದದ್ದು ಇದೊಂದೇ. ಇದಕ್ಕೆ ಅತ್ತೆ ಕಳಿಸಿದ ಉತ್ತರ: ಶುಭೋದಯ, ಗುಲಾಬಿ ಹೂವಿನ ಜೊತೆ.

ದೊಡ್ಡಪ್ಪ: ಫೋಟೊ ಅಂದರೆ ಸಾಕ್ಷಿ. ಅಲ್ಲಿ ಇಲ್ಲದ್ದನ್ನು ಇತ್ತು ಅಂತ ತೋರಿಸುವುದು ಮೋಸ ತಮ್ಮಾ. ಹರಿಹರ ಸೇರಿದ ಮೇಲೆ ನೀನು ಹೀಗೇ.

ಆ ಹರಿಹರದ ಮಾತು ಬೇಕಿರಲಿಲ್ಲ. ಚಿಕ್ಕಪ್ಪ ಮಗಳ ಮದುವೆಯ ಗುಂಪು ಫೋಟೊ ಹಾಕಿದರು. ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಕೆಳಗೆ ಬಂತು ಅಂತ ದೊಡ್ಡಪ್ಪ ಆ ಮದುವೆಗೆ ಹೋಗಿರಲೇ ಇಲ್ಲ. ಫೋಟೊದಲ್ಲಿ ಮಾತ್ರ ಇದ್ದಾರೆ, ಎರಡನೇ ಸಾಲು, ಬಲಗಡೆ. ಹಿಗ್ಗಿಸಿ ನೋಡಿದೆ. ಎಲ್ಲರ ಮುಖಕ್ಕೂ ಎಡಗಡೆಯಿಂದ ಬೆಳಕು, ದೊಡ್ಡಪ್ಪನಿಗೆ ಬಲಗಡೆಯಿಂದ. ಕಿವಿ ಪಕ್ಕದಲ್ಲಿ ಬೇರೆ ಯಾರದೋ ಮದುವೆಯ ಹಸಿರು ಪರದೆ ಒಂದು ಚೂರು ಅಂಟಿಕೊಂಡಿದೆ.

ಚಿಕ್ಕಪ್ಪ: ನೀವು ಬರಲಿಲ್ಲ. ನಾಳೆ ಬೀಗರು ನೋಡಿ ಕೇಳಿದರೆ ಏನು ಹೇಳಲಿ ಅಂತ ಸ್ಟುಡಿಯೋದವನಿಗೆ ಹೇಳಿ ಸೇರಿಸಿದೆ.

ಗುಂಪು ತಣ್ಣಗಾಯಿತು. ಅಣ್ಣನೂ ಮೂಲ ಕೇಳಲಿಲ್ಲ. ದೊಡ್ಡಪ್ಪ ಬರೆಯುತ್ತಿದ್ದಾರೆ ಅಂತ ಮೇಲೆ ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು. ಕಾಲು ಗಂಟೆ ಆದ ಮೇಲೆ ಒಂದು ಸಾಲು ಬಂತು.

ದೊಡ್ಡಪ್ಪ: ಎರಡನೇ ಸಾಲಿನಲ್ಲಿ ಯಾಕೆ?