ಪದಚರ್ಚೆ: ಹಿತ್ತಿಲಿನ ಫಲಕಕ್ಕೆ ‘ಬೇರು’ ಸಾಲದು, ‘ಗಡ್ಡೆ’ ಬೇಕು

ಬಾಗಲಕೋಟೆಯ ಹಳೆಯ ವಾಡೆಯ ಹಿತ್ತಿಲನ್ನು ಹಸನು ಮಾಡುವವರಿಗಾಗಿ ಬರೆಸುತ್ತಿರುವ ಫಲಕ ನಾಳೆಯೇ ಸಿದ್ಧವಾಗಬೇಕೆಂದು ತಾವು ತಿಳಿಸಿರುವುದರಿಂದ ನೇರವಾಗಿ ಹೇಳುತ್ತೇನೆ: ‘ಅಪರಿಚಿತ ಬೇರುಗಳನ್ನು ಕಿತ್ತುಹಾಕಿರಿ’ ಎಂಬ ಸಾಲಿನಲ್ಲಿ ನಾಮಪದವೂ ತಪ್ಪು, ಕ್ರಿಯಾಪದವೂ ತಪ್ಪು.

ಜೇಕೆಂಬ ಕಳೆಯನ್ನು ಕಿತ್ತರೆ ಕೈಗೆ ಬರುವುದು ಮೇಲಿನ ಹುಲ್ಲು ಮಾತ್ರ. ದಾರದಂಥ ಎಳೆ ನಡುವೆ ಹರಿದು, ಕಪ್ಪು ಸಿಪ್ಪೆಯ, ಮುರಿದರೆ ಒಳಗೆ ಬೆಳ್ಳಗೆ ಘಮ್ಮೆನ್ನುವ ಗಡ್ಡೆ ಎರೆಮಣ್ಣಿನಲ್ಲಿಯೇ ಉಳಿದು ಮತ್ತೆ ಚಿಗುರುತ್ತದೆ. ಕರಿಕೆ ಹುಲ್ಲಂತೂ ತುಂಡಾದಷ್ಟೂ ಹಬ್ಬುತ್ತದೆ, ಏಕೆಂದರೆ ಅದರ ಒಂದೊಂದು ಗೆಣ್ಣೂ ಹೊಸ ಗಿಡವಾಗಬಲ್ಲದು. ಆದುದರಿಂದ ‘ಅಗೆದು ತೆಗೆಯಿರಿ’ ಎಂದೇ ಬರೆಸಬೇಕು.

ಇನ್ನು ನಾಮಪದ. ಗೆಣ್ಣು, ಕಣ್ಣು, ಪೊರೆಯಂಥ ಎಲೆ ಇದ್ದರೆ ಅದು ಬೇರಲ್ಲ, ನೆಲದೊಳಗಿನ ಕಾಂಡ. ಅರಿಸಿನ, ಹಸಿಶುಂಠಿ ಅಂಥವೇ. ಇಂಥ ಕಾಂಡಕ್ಕೆ ಹಿಂದಿನ ಪತ್ರದಲ್ಲಿ ತಾವು ಸೂಚಿಸಿದ ‘ಪ್ರಕಂದ’ ಹಿಂದಿ ಪಠ್ಯಪುಸ್ತಕದ್ದು, ಬೇಡ. ‘ಬೇರುಕಾಂಡ’ ತರಗತಿಗೆ ಸರಿ, ಗುದ್ದಲಿ ಹಿಡಿದವರಿಗೆ ಅಲ್ಲ. ನಮ್ಮ ಉಳ್ಳಾಗಡ್ಡಿ ಎಲೆಗಳ ಪದರು, ಆಲೂಗಡ್ಡಿ ಕಾಂಡ, ಬೆಳಗಾವಿ ಸೀಮೆಯ ಗೆಣಸು ನಿಜವಾದ ಬೇರು. ಈ ಮೂರನ್ನೂ ‘ಗಡ್ಡೆ’ ಎಂಬ ಒಂದೇ ಮಾತು ಒಳಗೊಳ್ಳುತ್ತದೆ. ‘ಆಲೂ’ ಎರವಲಾದರೂ ನಮ್ಮ ‘ಗಡ್ಡಿ’ಯೊಡನೆ ಬೆರೆತು ಕನ್ನಡವೇ ಆಗಿದೆ, ಆದ್ದರಿಂದ ಎರವಲನ್ನೆಲ್ಲ ಕಳೆಯೆಂದು ಕೀಳಬೇಕೆನ್ನುವವರ ವಾದವನ್ನು ನಾನು ಒಪ್ಪುವುದಿಲ್ಲ. ಬಳಕೆಯಲ್ಲಿ ಬೇರೂರಿದ ಪದವಿರುವಾಗ ಹೊಸದನ್ನು ತರುವುದನ್ನೂ ಒಪ್ಪುವುದಿಲ್ಲ.

‘ಅಪರಿಚಿತ’ದ ಬದಲು ‘ಗುರುತು ಸಿಗದ’ ಎಂದಿರಲಿ. ಇಲ್ಲಿ ಗುರುತೇ ಜೀವದ ಪ್ರಶ್ನೆ. ಅಗ್ನಿಶಿಖೆಯ ಬಳ್ಳಿ ಮಳೆಗಾಲ ಕಳೆದ ಮೇಲೆ ಒಣಗಿಹೋಗುತ್ತದೆ, ಗಡ್ಡೆ ಮಾತ್ರ ನೆಲದಲ್ಲಿರುತ್ತದೆ. ಎಲೆ, ಹೂವು ಇಲ್ಲದ ಕಾಲದಲ್ಲಿ ಅದನ್ನು ಗೆಣಸೆಂದು ತಿಂದವರು ಅದರೊಳಗಿನ ಕಾಲ್ಚಿಸಿನ್ ವಿಷದಿಂದ ಸತ್ತಿದ್ದಾರೆ. ಎರಡು ಕವಲಾಗಿ ಬಾಗಿದ ಆ ಗಡ್ಡೆಯ ಆಕಾರದಿಂದಲೇ ಸಂಸ್ಕೃತದಲ್ಲಿ ಅದಕ್ಕೆ ‘ಲಾಂಗಲಿ’ ಎಂಬ ಹೆಸರಿದೆ, ‘ಲಾಂಗಲ’ವೆಂದರೆ ನೇಗಿಲು.

2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯ ತಮ್ಮ ಊರಿನಲ್ಲಿಯೇ ಇರುವುದರಿಂದ ಫಲಕದ ಸಾಲು ಹೀಗಿರಲಿ: ‘ಗುರುತು ಸಿಗದ ಗಡ್ಡೆಯನ್ನು ಬರಿಗೈಯಿಂದ ಮುಟ್ಟಬಾರದು, ರುಚಿ ನೋಡಬಾರದು; ಎಲೆ, ಬಳ್ಳಿ ಇದ್ದರೆ ಅವುಗಳ ಸಹಿತ ಅಗೆದು ತೆಗೆದು ತಿಳಿದವರಿಗೆ ತೋರಿಸಬೇಕು.’ ‘ತಿಳಿದವರು’ ಎಂಬಲ್ಲಿ ವಿಶ್ವವಿದ್ಯಾಲಯದ ಹೆಸರನ್ನೇ ಹಾಕಲು ಅವರ ಒಪ್ಪಿಗೆ ಕೇಳಿರಿ.